ಅದು ಗಾಜಲ್ಲ

ಮೊದಲೇ ಹೇಳಿಬಿಡುತ್ತೇನೆ, ಅದು ಗಾಜಲ್ಲ.
ಗಾಜೆಂದುಕೊಂಡೇ ನಾನು ಬ್ಲೇಡು ಹಿಡಿದದ್ದು.
ಎಡಮೂಲೆಯಲ್ಲಿ ಬೆರಳುದ್ದದ ಗೀರು ಬಿದ್ದಮೇಲೆ
ದಕ್ಕೆಯ ಮೇಲಿಂದ ಆಲ್ವಾರ್ ಕೂಗಿದ:
ನಿಲ್ಲಿಸು ಮಾರಾಯ್ತಿ, ಅದು ಅಕ್ರಿಲಿಕ್ಕು!
ಮೂರು ವರ್ಷದಲ್ಲಿ ಅವನು ನನಗೆ ಆಡಿದ ಮೊದಲ ಮಾತು.

ಚೋಕರ್ ದ್ವೀಪದ ಸುತ್ತ ನೀರು,
ನೀರಿನ ತುಂಬ ಕೆಂಪು ಬೋಳುಬಂಡೆ.
ಇಲ್ಲಿ ದೋಣಿಗೆ ದೋಣಿ ಎದುರಾದರೆ ಕೈ ಎತ್ತಬೇಕು.
ಕಾನೂನಲ್ಲ; ಕಾನೂನಾಗಿದ್ದರೆ ಯಾರಾದರೂ ಮುರಿಯುತ್ತಿದ್ದರು.
ಮಾತು ಬಿಟ್ಟವರೂ ಎತ್ತುತ್ತಾರೆ,
ಚುಕ್ಕಾಣಿ ಬಿಡದೆ, ಎರಡೇ ಬೆರಳು.

ಮೀನುಗಾರರ ಸಂಘ ಕೈಯೆತ್ತಿದ ವರ್ಷ
ಅದರ ಲೆಕ್ಕ ಬರೆಯುತ್ತಿದ್ದವಳು ನಾನು.
ಕದ್ದಿಲ್ಲ. ಕೂಡುವಲ್ಲಿ ತಪ್ಪಿದೆ,
ತಪ್ಪಿದ್ದನ್ನು ತಡವಾಗಿ ಹೇಳಿದೆ.
ಆಡಿಟ್ಟಿನವರು ಹಾಗೆಂದೇ ಬರೆದುಕೊಟ್ಟರು,
ಕಾಗದವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ್ದೂ ಆಯಿತು.
ಕೈಗಳು ಏಳುತ್ತಲೇ ಇದ್ದವು,
ಆದರೆ ಏಳಲೋ ಬೇಡವೋ ಎಂದು
ಯಾರನ್ನೋ ಕೇಳಿಕೊಂಡು ಎದ್ದ ಹಾಗೆ.
ಆ ತಡವನ್ನು ಎಣಿಸುತ್ತಿದ್ದೆ. ಲೆಕ್ಕದವಳಲ್ಲವೇ.

ಮರೀಹಾಮ್ನಿನಿಂದ ಒಂದು ಸುರುಳಿ ಕಪ್ಪು ಫಿಲ್ಮು ತಂದು
ಒಳಗಿನಿಂದ ಅಂಟಿಸಿದೆ.
ಬಿಸಿಲಿಗೆ, ಎಂದೆ ಕೇಳಿದವರಿಗೆ.
ಕೇಳಿದವರು ಯಾರೂ ಇರಲಿಲ್ಲ.

ಹೊರಗಿನವರಿಗೆ ನಾನಿಲ್ಲ,
ಒಳಗಿರುವ ನನಗೆ ಎಲ್ಲರೂ ಇದ್ದರು.
ಒಂದು ಬೇಸಿಗೆ ಆ ಕಪ್ಪಿಗೇ ಕೈ ಬೀಸಿ ನೋಡಿದರು,
ಆಮೇಲೆ ಬಿಟ್ಟರು.
ಸುಳ್ಳೇಕೆ ಹೇಳಲಿ, ಸುಖವಾಗಿತ್ತು.
ಕಣ್ಣಿಗೆ ಬಂದ ಪೊರೆಯೂ
ಸ್ವಲ್ಪ ದಿನ ಪೊರೆಯುತ್ತದೆ.

ಮೂರನೆಯ ವರ್ಷಕ್ಕೆ ಕಪ್ಪು ನೇರಳೆಗೆ ತಿರುಗಿ
ಗುಳ್ಳೆ ಎದ್ದು, ಆರಿದ ಹಾಲಿನ ಕೆನೆಯಂತೆ ಸುಕ್ಕಾಯಿತು.
ಅಕ್ಟೋಬರಿನ ಕೊನೆ, ಐದಕ್ಕೇ ಕತ್ತಲು.
ಬಲೆ ಎತ್ತುತ್ತಿದ್ದ ಆಲ್ವಾರನ ಹುಟ್ಟುದೋಣಿ
ಮೂರು ಮಾರು ದೂರದಲ್ಲಿ ಕಂಡಿತು ನನಗೆ, ಕೊನೆಗೆ.
ಎರಡೂ ಕೈ ಎತ್ತಿ ನಿಂತಿದ್ದ. ಬಾಯಿ ತೆರೆದಿತ್ತು, ಸದ್ದಿಲ್ಲ.
ಚುಕ್ಕಾಣಿ ತಿರುಗಿಸಿದವಳು ನಾನೋ ನೀರೋ.

ಮಾರನೆಯ ಬೆಳಿಗ್ಗೆ ಬ್ಲೇಡು.
ಆಮೇಲೆ ಗೀರು. ಆಮೇಲೆ ಆ ಕೂಗು.

ಮನೆಗೆ ಹೋದವನು ಹ್ಯೋರ್ಡಿಸಳ ಹಬೆಯಂತ್ರ ಹೊತ್ತು ಬಂದ,
ಚರ್ಚಿನ ಹಾಡುಗಾರರ ನಿಲುವಂಗಿಗೆ ಸುಕ್ಕು ತೆಗೆಯುವಂಥದ್ದು.
ಬಲೆಮನೆಯಿಂದ ವಯರು ಎಳೆದ.
ಒಂದೇ ಕಡೆ ನಿಲ್ಲಿಸಬೇಡ, ಬಾಗುತ್ತದೆ, ಎಂದ.
ಅಮೋನಿಯಾ ಮುಟ್ಟಿಸಬೇಡ, ಮಂಜಾಗುತ್ತದೆ.
ಅವನು ಹೊರಗಿಂದ ಹಬೆ ಹಿಡಿದ, ನಾನು ಒಳಗಿಂದ ಉಗುರು ಹಾಕಿದೆ,
ಇಬ್ಬರ ನಡುವೆ ಆ ನೇರಳೆ.
ನಿನ್ನೆಯ ಮಾತನ್ನು ಯಾರೂ ಎತ್ತಲಿಲ್ಲ.

ಬಿಸಿಲಿಗೆ ಸುಲಿದ ಭುಜದ ಚರ್ಮದಂತೆ
ಚೂರುಚೂರಾಗಿ ಬಂತು. ಬಣ್ಣ ಬಂತು,
ಅಂಟು ಬರಲಿಲ್ಲ.
ಅಂಟು ಹಾಗೇ, ಎಂದ ಆಲ್ವಾರ್, ಹಚ್ಚುವಾಗ ಕಾಣುವುದಿಲ್ಲ.

ಸಾಬೂನುನೀರು, ನೆನೆಸಿದ ಹಳೇ ಪತ್ರಿಕೆ, ಅಡುಗೆ ಎಣ್ಣೆ.
ಕೆರೆಯಲು ಪ್ಲಾಸ್ಟಿಕ್ಕಿನದೇನಾದರೂ ಬೇಕಲ್ಲ:
ಜೇಬಿನಿಂದ ಅವನು ತೆಗೆದದ್ದು ಸಂಘದ ಕಾರ್ಡು,
ಸದಸ್ಯ ಸಂಖ್ಯೆ ನಲವತ್ತೊಂದು, ಕೆಳಗೆ ನನ್ನದೇ ಸಹಿ.
ಇನ್ನೆಲ್ಲಿ ನಡೆಯುತ್ತದೆ ಇದು, ಎಂದು ಕೊಟ್ಟ.
ನಗಬೇಕೆಂದು ಹೇಳಿದನೋ, ತಿಳಿಯಲಿಲ್ಲ.
ನಕ್ಕೆ. ಕೆರೆದೆ.
ಸಂಜೆಯಾಗುವಾಗ ನನ್ನ ಸಹಿಯ ಅರ್ಧ ಸವೆದಿತ್ತು.

ಗೀರು ಮಾತ್ರ ಅಲ್ಲೇ ಇದೆ. ಪಾಲಿಶು ಹಾಕಿದರೂ ಹೋಗದು.

ಈ ಬೆಳಿಗ್ಗೆ ಎದುರಾದದ್ದು ಅಂಚೆದೋಣಿಯ ಬೊರ್ಯೆ,
ಒಂದು ಕೈಲಿ ಕಾಫಿ, ಇನ್ನೊಂದು ಚುಕ್ಕಾಣಿಯ ಮೇಲೆ.
ಗದ್ದ ಎತ್ತಿದ.
ಎಷ್ಟು ತಡವಾಯಿತೆಂದು ಎಣಿಸಿದೆ, ಹಳೇ ಚಾಳಿ,
ಅಷ್ಟರಲ್ಲಿ ಸೂರ್ಯ ಗೀರಿನೊಳಗೆ ಹೊಕ್ಕು
ಒಬ್ಬ ಬೊರ್ಯೆ ಇಬ್ಬರಾಗಿ, ಲೆಕ್ಕ ತಪ್ಪಿತು.
ಇಬ್ಬರಿಗೂ ಸೇರಿಸಿ
ಒಂದೇ ಕೈ ಎತ್ತಿದೆ.